ಹಿತ್ತಲ ಬಿದಿರಲ್ಲಿ ಒಂದು ಡೆಮ್ವಾಜೆಲ್

ವಿಮಾನದ ಮಾದರಿ ಮಾಡುತ್ತಿದ್ದೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ರೈಟ್ ಸಹೋದರರದ್ದಾ?" ಅಲ್ಲ ಮಾರಾಯ್ರೆ. ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಪೂರ್ತಿ ಅಳತೆಯಲ್ಲೇ ಇದೆ, ಶಾಲೆಯ ಟ್ರಿಪ್‌ನಲ್ಲಿ ಹೋದವರು ಸುಮಾರು ಜನ ನೋಡಿರುತ್ತೀರಿ. ಚೆನ್ನಾಗಿದೆ. ಆದರೆ 12 ಮೀಟರ್ ಅಗಲದ ರೆಕ್ಕೆ, ಅದೂ ಒಂದರ ಮೇಲೊಂದು, ಮುಂದೊಂದು ಚೌಕಟ್ಟು, ಹಿಂದೊಂದು ಚೌಕಟ್ಟು, ಎರಡು ಪ್ರೊಪೆಲ್ಲರು, ಅವನ್ನು ತಿರುಗಿಸಲು ಚೈನು. ನೋಡಿದರೆ ಗೌರವ ಬರುತ್ತದೆ, ಮಾಡೋಣ ಅಂತ ಕೈ ತುರಿಸುವುದಿಲ್ಲ.

ನನ್ನ ಕೈ ತುರಿಸಿದ್ದು ಡೆಮ್ವಾಜೆಲ್ ಅನ್ನೋ ಪುಟಾಣಿ ವಿಮಾನಕ್ಕೆ. ಪ್ಯಾರಿಸ್‌ನಲ್ಲಿದ್ದ ಬ್ರೆಜಿಲ್‌ನ ಆಲ್ಬರ್ಟೊ ಸ್ಯಾಂಟೋಸ್-ಡುಮಾಂಟ್ 1907ರಲ್ಲಿ ಶುರು ಮಾಡಿ 1909ರ ಹೊತ್ತಿಗೆ ಒಂದು ಹದಕ್ಕೆ ತಂದ ವಿಮಾನ ಇದು. ರೆಕ್ಕೆ ಈ ತುದಿಯಿಂದ ಆ ತುದಿಗೆ 5 ಮೀಟರ್ ಚಿಲ್ಲರೆ. ಖಾಲಿ ತೂಕ ಸುಮಾರು 110 ಕಿಲೋ, ಇವತ್ತಿನ ಒಂದು ಸ್ಕೂಟರ್‌ನಷ್ಟು. ಮೈ ಅಂತ ಇರುವುದು ಮೂರೇ ಮೂರು ಬಿದಿರಿನ ಗಳ, ಮುಂದೆ ಅಗಲವಾಗಿ ಶುರುವಾಗಿ ಬಾಲದ ಕಡೆ ಹತ್ತಿರ ಬರುತ್ತವೆ. ಅದರ ಮೇಲೆ ರೇಷ್ಮೆ ಬಟ್ಟೆಯ ರೆಕ್ಕೆ, ರೆಕ್ಕೆಯ ನೆತ್ತಿಯಲ್ಲಿ ಎಂಜಿನ್, ಅದರ ಮುಂದೆ ಮರದ ಪ್ರೊಪೆಲ್ಲರ್. ಓಡಿಸುವವನು ರೆಕ್ಕೆಯ ಕೆಳಗೆ, ಎರಡು ಸೈಕಲ್ ಚಕ್ರಗಳ ನಡುವೆ, ಒಂದು ಕ್ಯಾನ್ವಾಸ್ ಪಟ್ಟಿಯ ಮೇಲೆ ಕೂರಬೇಕು. ಅಷ್ಟೇ ವಿಮಾನ. ಮುಚ್ಚಿಟ್ಟಿದ್ದು ಅಂತ ಏನೂ ಇಲ್ಲ, ಯಾವುದು ಯಾವುದನ್ನು ಹಿಡಿದುಕೊಂಡಿದೆ ಅಂತ ಫೋಟೋದಲ್ಲೇ ಗೊತ್ತಾಗುತ್ತದೆ.

ನಾನು ಚಿಕ್ಕಮಗಳೂರಿನವನು, ಹಾಗಾಗಿ ಇನ್ನೊಂದು ವಿಷಯ ಹೇಳದೆ ಇರಲಾರೆ. ಈತ ಕಾಫಿ ತೋಟದ ಹುಡುಗ. ಅಪ್ಪ ಹೆನ್ರಿಕ್ ಡುಮಾಂಟ್ ಬ್ರೆಜಿಲ್‌ನ ಕಾಫಿ ದೊರೆ ಅಂತಲೇ ಹೆಸರಾದವನು. ತೋಟದೊಳಗೇ ರೈಲು ಹಳಿ ಇತ್ತು, ಹುಡುಗ ಅಲ್ಲಿನ ಇಂಜಿನ್ ಓಡಿಸಿಕೊಂಡು, ಕಾಫಿ ಸಂಸ್ಕರಣೆಯ ಯಂತ್ರಗಳ ಮಧ್ಯೆ ಬೆಳೆದ. ನಮ್ಮ ತೋಟದಲ್ಲಿ ರೈಲು ಹಾಗಿರಲಿ, ಮಳೆಗಾಲದಲ್ಲಿ ಜೀಪು ಹೋಗಬೇಕಾದರೂ ಟೈರಿಗೆ ಚೈನ್ ಕಟ್ಟಬೇಕು. ಇರಲಿ. ಆ ದುಡ್ಡಿನ ಬಲದಲ್ಲೇ ಆತ ಪ್ಯಾರಿಸ್‌ಗೆ ಹೋಗಿ ಬಲೂನು, ವಾಯುನೌಕೆ ಅಂತ ಒಂದಾದ ಮೇಲೊಂದು ಕಟ್ಟಿದ. 1901ರ ಅಕ್ಟೋಬರ್‌ನಲ್ಲಿ ಐಫೆಲ್ ಗೋಪುರ ಸುತ್ತಿ ಬಂದು ದೊಡ್ಡ ಬಹುಮಾನ ಗೆದ್ದ, ಗೆದ್ದ ದುಡ್ಡನ್ನು ಪ್ಯಾರಿಸ್‌ನ ಬಡವರಿಗೂ ತನ್ನ ಕೆಲಸಗಾರರಿಗೂ ಹಂಚಿಬಿಟ್ಟ. 1906ರ ನವೆಂಬರ್‌ನಲ್ಲಿ 14-ಬಿಸ್ ಅನ್ನೋ ವಿಮಾನದಲ್ಲಿ ಜನರೆದುರೇ 220 ಮೀಟರ್ ಹಾರಿದ. ಮೊದಲು ಹಾರಿದ್ದು ಇವನೇ ಅಂತ ಬ್ರೆಜಿಲ್‌ನವರು ಇವತ್ತಿಗೂ ಜಗಳಕ್ಕೆ ಬರುತ್ತಾರೆ. ನನಗೇನೂ ಅನುಮಾನ ಇಲ್ಲ, ರೈಟ್ ಸಹೋದರರೇ ಮೊದಲು, 1903ರ ಡಿಸೆಂಬರ್ 17ಕ್ಕೆ, ಅದೂ ಒಂದೇ ದಿನ ನಾಲ್ಕು ಸಲ.

ಆದರೆ ಹಾರಿದ ಮೇಲೆ ಯಾರು ಏನು ಮಾಡಿದರು ನೋಡಿ. ರೈಟ್ ಸಹೋದರರು ಪೇಟೆಂಟ್ ತೆಗೆದುಕೊಂಡು ವರ್ಷಗಟ್ಟಲೆ ಕೋರ್ಟು ಅಲೆದರು. ಈತ ಡೆಮ್ವಾಜೆಲ್‌ಗೆ ಪೇಟೆಂಟೇ ಬೇಡ ಅಂದ. 1910ರ ಜೂನ್ ಮತ್ತು ಜುಲೈ ತಿಂಗಳ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆಯಲ್ಲಿ ಅದರ ನಕ್ಷೆಗಳು ಅಳತೆ ಸಮೇತ ಅಚ್ಚಾದವು. ಯಾರು ಬೇಕಾದರೂ ಮನೆಯಲ್ಲಿ ಕಟ್ಟಿಕೊಳ್ಳಿ ಅಂತ. ಆ ಪುಟಗಳು ಈಗಲೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ನಾನು ಕೆಲಸ ಮಾಡುತ್ತಿರುವುದು ಅವುಗಳನ್ನೇ ಇಟ್ಟುಕೊಂಡು. ಮಾರಾಟಕ್ಕೂ ಮಾಡಿದರು, ಪ್ಯಾರಿಸ್‌ನ ಕ್ಲೆಮಾನ್-ಬಯಾರ್ ಕಾರ್ಖಾನೆ ಕೆಲವು ತಯಾರಿಸಿತು. ರೋಲಾಂ ಗ್ಯಾರೋಸ್ ಹಾರುವುದನ್ನು ಕಲಿತದ್ದು ಇದೇ ಡೆಮ್ವಾಜೆಲ್‌ನಲ್ಲಿ. ಹೌದು, ಫ್ರೆಂಚ್ ಓಪನ್ ಟೆನಿಸ್ ನಡೆಯುವ ಅಂಗಣಕ್ಕೆ ಹೆಸರಿಟ್ಟಿರುವುದು ಅವನದ್ದೇ, ಟೆನಿಸ್ ಆಟಗಾರನದ್ದಲ್ಲ.

ಸರಿ, ಕೆಲಸಕ್ಕೆ ಬರೋಣ. ನಾನು ಹಿಡಿದಿರುವುದು ಐದನೇ ಒಂದು ಅಳತೆ. ರೆಕ್ಕೆ ಒಂದು ಮೀಟರ್ ಬರುತ್ತದೆ, ಟೇಬಲ್ ಮೇಲೆ ಹಿಡಿಯುತ್ತದೆ, ಮನೆಯವರ ಸಹನೆಯೊಳಗೂ ಹಿಡಿಯುತ್ತದೆ. ತೂಕದ ಲೆಕ್ಕ ಮಾತ್ರ ಬೇರೆ ಥರ. ಉದ್ದ, ಅಗಲ, ಎತ್ತರ ಮೂರೂ ಐದು ಪಟ್ಟು ಇಳಿದರೆ ತೂಕ 125 ಪಟ್ಟು ಇಳಿಯಬೇಕು. 110 ಕಿಲೋನ 125ರಿಂದ ಭಾಗಿಸಿದರೆ 880 ಗ್ರಾಂ. ಎಂಜಿನ್ನು, ಚಕ್ರ, ತಂತಿ, ಬಟ್ಟೆ ಎಲ್ಲ ಸೇರಿ ಇಷ್ಟೇ. ಸುಮ್ನೆ ತೋರಿಸಲಿಕ್ಕೆ ಇಡುವ ಮಾದರಿಗೆ ತೂಕ ಯಾಕೆ ಅಂತ ನೀವು ಕೇಳಬಹುದು. ಆ ಲೆಕ್ಕ ಬಿಟ್ಟರೆ ಯಾವ ಕಡ್ಡಿ ಎಷ್ಟು ದಪ್ಪ ಇರಬೇಕು ಅನ್ನೋದಕ್ಕೆ ಅಂಕುಶವೇ ಇರುವುದಿಲ್ಲ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ದಪ್ಪ ಮಾಡಿ ಕೊನೆಗೆ ಒಂದು ಪೀಠೋಪಕರಣ ಆಗುತ್ತದೆ. ಹಾಗಾಗಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಈಗ ನನ್ನ ಟೇಬಲ್ ಮೇಲೆ ಇದೆ.

ಬಿದಿರಿನ ಕೆಲಸ ಶುರುವಾಗುವುದು ಕಡಿಯುವುದರಿಂದ. ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಹೊಡೆಯಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ಚಂದ್ರನ ಲೆಕ್ಕ ನಾನು ಅಷ್ಟು ನಂಬುವವನಲ್ಲ, ಆದರೆ ಕಾಲ ನೋಡಿ ಕಡಿಯಬೇಕು ಅನ್ನೋದು ನಿಜ. ಹುಳಕ್ಕೆ ಬೇಕಾಗಿರುವುದು ಬಿದಿರೊಳಗಿನ ಪಿಷ್ಟ. ಮಳೆಗಾಲದಲ್ಲಿ ಕಳಲೆ ಎದ್ದು ಬೆಳೆಯುವಾಗ ಹಳೇ ಗಳಗಳಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗುತ್ತದೆ. ಮಳೆ ನಿಂತ ಮೇಲೆ ಕಡಿದರೆ ಹುಳದ ಪಾಲಿಗೆ ಉಳಿಯುವುದು ಕಡಿಮೆ. ಆಮೇಲೆ ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟರೆ ಇನ್ನೊಂದಿಷ್ಟು ತೊಳೆದು ಹೋಗುತ್ತದೆ. ಆ ನೀರಿನ ವಾಸನೆ ಬಗ್ಗೆ ಮಾತ್ರ ಕೇಳಬೇಡಿ.

ಅಸಲಿ ವಿಮಾನದ ಗಳಗಳು ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪ. ನನ್ನ ಅಳತೆಗೆ ಅದು ಪೆನ್ಸಿಲ್ ಗಾತ್ರಕ್ಕೆ ಇಳಿಯುತ್ತದೆ. ಬಿದಿರು ಮೆಳೆಯಲ್ಲಿ ಪಕ್ಕದ ಕೊಂಬೆಗಳು, ತುದಿಯ ಭಾಗ ಇದೇ ಗಾತ್ರಕ್ಕೆ ಸಿಗುತ್ತವೆ, ಆದರೆ ನೆಟ್ಟಗೆ ಇರುವುದಿಲ್ಲ. ಗೆಣ್ಣಿನಿಂದ ಗೆಣ್ಣಿಗೆ ಒಂದೊಂದು ದಿಕ್ಕು. ಬಿಸಿ ಕೊಟ್ಟು ನೇರ ಮಾಡಬೇಕು. ಸ್ಪಿರಿಟ್ ದೀಪದ ಮೇಲೆ ಹಿಡಿದು ತಿರುಗಿಸುತ್ತಾ ಇದ್ದರೆ ಒಂದು ಹಂತದಲ್ಲಿ ಮೈಮೇಲೆ ಎಣ್ಣೆ ಸವರಿದಂಥ ಹೊಳಪು ಏಳುತ್ತದೆ, ಆಗ ಬಗ್ಗಿಸಿದರೆ ಮಾತು ಕೇಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಗ್ಗಿದಲ್ಲೇ ನಿಲ್ಲುತ್ತದೆ. ಜಾಸ್ತಿ ಕಾದರೆ ಎರಡು ಗೆಣ್ಣಿನ ನಡುವಿನ ಗಾಳಿ ಉಬ್ಬಿ ಪಟ್ ಅಂತ ಸಿಡಿಯುತ್ತದೆ. ಅದಕ್ಕೇ ಒಂದೊಂದು ಗೆಣ್ಣಿನ ನಡುವೆ ಸೂಜಿ ಗಾತ್ರದ ತೂತು ಹಾಕಿಟ್ಟಿರಬೇಕು.

ರೆಕ್ಕೆಯ ರಿಬ್‌ಗಳಿಗೆ, ಅಂದರೆ ರೆಕ್ಕೆಗೆ ಬಾಗು ಕೊಡುವ ಅಡ್ಡಪಟ್ಟಿಗಳಿಗೆ, ಬೇಕಾಗಿದ್ದು ಸೀಳಿದ ಬಿದಿರು. ಸೀಳುವುದನ್ನು ಕಲಿಸಿದ್ದು ಪೇಟೆಯಲ್ಲಿ ಮೊರ, ಕುಕ್ಕೆ ಹೆಣೆದು ಮಾರುವ ಮೇದರ ಅಜ್ಜ ಒಬ್ಬರು. ನಾನು ಕತ್ತಿ ಒತ್ತುವುದನ್ನು ನೋಡಿ, "ತಳ್ಳಬೇಡಿ ಸಾರ್, ಬಾಯಿ ಬಿಡಿಸಿ ಕೊಡಿ ಸಾಕು, ಅದೇ ಹೋಗ್ತದೆ" ಅಂದರು. ಸೀಳು ಹೋಗುತ್ತಾ ಹೋಗುತ್ತಾ ಒಂದು ಪಕ್ಕಕ್ಕೆ ವಾಲಿ, ಒಂದು ಪಟ್ಟಿ ತೆಳ್ಳಗಾಗಿ ಇನ್ನೊಂದು ದಪ್ಪ ಆಗುವುದಿದೆಯಲ್ಲ, ಅಲ್ಲಿ ನಮಗೆಲ್ಲ ತೆಳ್ಳಗಿನ ಪಟ್ಟಿಯ ಚಿಂತೆ. ಅಜ್ಜ ಅದನ್ನು ಸುಮ್ಮನೆ ನೇರ ಹಿಡಿದುಕೊಂಡು ದಪ್ಪದ ಪಟ್ಟಿಯನ್ನು ಹೊರಕ್ಕೆ ಬಗ್ಗಿಸಿದರು. ಸೀಳು ಮೆಲ್ಲಗೆ ದಪ್ಪದ ಕಡೆ ಸರಿದು ನಡುವಿಗೆ ಬಂತು. ಮುಂದಿನ ಗೆಣ್ಣು ಬರುವವರೆಗೂ ಅವರು ಕತ್ತಿ ಮುಟ್ಟಲೇ ಇಲ್ಲ.

"ಏನು ಮಾಡ್ತೀರಿ ಇದ್ರಲ್ಲಿ?"

"ವಿಮಾನ ಅಜ್ಜ."

"ಹಾರ್ತದಾ?"

"ಇದು ಹಾರಲ್ಲ. ಇದರ ಅಸಲಿ ಹಾರಿತ್ತು, ನೂರು ವರ್ಷದ ಹಿಂದೆ."

"ಹಾಗಾದ್ರೆ ಹೊರಪದರದ್ದೇ ತಗೊಳ್ಳಿ, ಒಳಗಿನದ್ದು ಬೇಡ."

ಅವರು ಹೇಳಿದ್ದು ಸರಿಯಾಗೇ ಇತ್ತು. ಬಿದಿರಿನ ನಾರು ಒತ್ತೊತ್ತಾಗಿ ಇರುವುದು ಸಿಪ್ಪೆಯ ಹತ್ತಿರ, ಒಳಕ್ಕೆ ಹೋದಷ್ಟೂ ವಿರಳ. ಹೊರಪದರದ ಒಂದೂವರೆ ಮಿಲಿಮೀಟರ್ ಪಟ್ಟಿ ಒಳಭಾಗದ ಮೂರು ಮಿಲಿಮೀಟರ್‌ಗಿಂತ ಚೆನ್ನಾಗಿ ತಡೆಯುತ್ತದೆ, ತೂಕವೂ ಉಳಿಯುತ್ತದೆ. ನನ್ನ ರಿಬ್‌ಗಳೆಲ್ಲ ಅಂಥವೇ. ಒಂದು ಹಲಗೆಯ ಮೇಲೆ ರೆಕ್ಕೆಯ ಬಾಗು ಬರೆದು ಮೊಳೆ ಹೊಡೆದುಕೊಂಡಿದ್ದೇನೆ, ಬಿಸಿ ಪಟ್ಟಿಯನ್ನು ಅದಕ್ಕೆ ಒತ್ತಿ ಕೂರಿಸಿದರೆ ಎಲ್ಲವೂ ಒಂದೇ ಬಾಗು.

ರೆಕ್ಕೆಯ ಉದ್ದಕ್ಕೆ ಹೋಗುವ ಎರಡು ಸ್ಪಾರ್‌ಗಳು ಅಸಲಿಯಲ್ಲಿ ಆ್ಯಶ್ ಮರದ್ದು. ಅದು ಇಲ್ಲಿ ಸಿಗಲ್ಲ, ಹುಡುಕಲೂ ಇಲ್ಲ. ಕಾಫಿ ತೋಟದ ತುಂಬ ಸಿಲ್ವರ್ ಓಕ್ ನಿಂತಿರುವಾಗ ಹೊರದೇಶದ ಮರ ತರಿಸುವುದು ಯಾಕೆ? ನೇರ ಎಳೆ ಇರುವ ತುಂಡು ಆರಿಸಿಕೊಂಡರೆ ಆಯಿತು. ಆ್ಯಶ್‌ನಷ್ಟು ಗಡಸು ಅಲ್ಲ, ಈ ಅಳತೆಗೆ ಅಷ್ಟು ಬೇಕಾಗಿಯೂ ಇಲ್ಲ. ಮಾದರಿ ಅಂದರೆ ಮರದ ಜಾತಿಯೂ ಅದೇ ಆಗಬೇಕು ಅನ್ನುವ ಕಟ್ಟುನಿಟ್ಟಿನವರು ಇದ್ದಾರೆ, ಅವರಿಗೆ ನನ್ನ ನಮಸ್ಕಾರ.

ಪ್ರೊಪೆಲ್ಲರ್ ಕೆತ್ತುವುದು ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟ ಆದ ಭಾಗ. ತೇಗ ಒಂದು ಪದರ, ಸಿಲ್ವರ್ ಓಕ್ ಒಂದು ಪದರ, ಹೀಗೆ ತೆಳು ಹಲಗೆಗಳನ್ನು ಅಂಟಿಸಿ ಕ್ಲ್ಯಾಂಪ್ ಹಾಕಿ ಒಣಗಿಸಬೇಕು. ಒಂದು ಕಡು ಬಣ್ಣ, ಒಂದು ತಿಳಿ ಬಣ್ಣ ಆರಿಸುವುದು ಚಂದಕ್ಕೆ ಮಾತ್ರ ಅಲ್ಲ. ಅಲಗನ್ನು ತಿರುಚಿದ ಹಾಗೆ ಕೆತ್ತುತ್ತಾ ಹೋದಾಗ ಒಂದೊಂದೇ ಪದರ ಬಯಲಾಗುತ್ತದೆ, ಪದರ ಪದರ ಸೇರುವ ಗೆರೆಗಳು ಅಲಗಿನ ಮೇಲೆ ಬಾಗಿ ಕಾಣುತ್ತವೆ. ಎರಡು ಅಲಗಿನ ಗೆರೆಗಳೂ ಒಂದೇ ಥರ ಬಾಗಿದ್ದರೆ ತಿರುಚು ಸರಿ ಇದೆ ಅಂತ. ಎಲ್ಲಾದರೂ ಒಂದು ಗೆರೆ ಅಗಲ ಆಯಿತೋ, ಅಲ್ಲಿ ಇನ್ನೂ ಮರ ತೆಗೆಯಬೇಕು ಅಥವಾ ಜಾಸ್ತಿ ತೆಗೆದಾಗಿದೆ. ಅಳತೆಗೋಲು ಹಿಡಿಯುವುದಕ್ಕಿಂತ ಇದನ್ನು ನೋಡಿಕೊಂಡು ಮರಳು ಕಾಗದ ಉಜ್ಜುವುದೇ ವಾಸಿ. ಕೊನೆಗೆ ನಡುವಿನ ತೂತಿಗೆ ತಂತಿ ತೂರಿಸಿ ಎರಡು ಲೋಟದ ಮೇಲೆ ಇಟ್ಟರೆ ಭಾರದ ಅಲಗು ಕೆಳಕ್ಕೆ ಬರುತ್ತದೆ, ಅದನ್ನೇ ಇನ್ನಷ್ಟು ಉಜ್ಜುವುದು. ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಮುಗಿಯಿತು.

ಇಷ್ಟೆಲ್ಲ ಆದ ಮೇಲೂ ಅದು ವಿಮಾನ ಅಲ್ಲ. ಇದನ್ನೇ ಹೇಳಬೇಕು ಅಂತ ಬರೆಯಲು ಕೂತಿದ್ದು. ಮೂರು ಗಳ ಜೋಡಿಸಿ, ನಡುವೆ ಅಡ್ಡಕಡ್ಡಿ ಕೊಟ್ಟು, ರೆಕ್ಕೆ ಕೂರಿಸಿದ ಮೇಲೆ ಬಾಲ ಹಿಡಿದು ಸ್ವಲ್ಪ ತಿರುಗಿಸಿ ನೋಡಿ, ಮೂತಿ ಅಲುಗುವುದೇ ಇಲ್ಲ, ನಡುವಿನದ್ದೆಲ್ಲ ತಿರುಚಿಕೊಳ್ಳುತ್ತದೆ. ರೆಕ್ಕೆಯ ತುದಿ ಎತ್ತಿದರೆ ಎತ್ತಿದ ಕಡೆಗೇ ಬರುತ್ತದೆ. ಬಿದಿರಿಗೂ ಮರಕ್ಕೂ ಇಲ್ಲಿ ಇರುವ ಕೆಲಸ ಒಂದೇ, ಒತ್ತಡ ತಡೆದುಕೊಂಡು ದೂರ ಕಾಯುವುದು. ಆಕಾರ ಹಿಡಿದು ನಿಲ್ಲಿಸುವುದು ತಂತಿ. ಆ ಕಾಲದ ಬೇರೆ ವಿಮಾನಗಳೂ ಹೀಗೇ ಅಂತ ಓದಿ ಗೊತ್ತಿತ್ತು, ಆದರೆ ಕೈಗೆ ಗೊತ್ತಾದದ್ದು ಮೊದಲ ಚೌಕಕ್ಕೆ ಎರಡು ತಂತಿ ಕರ್ಣವಾಗಿ ಕಟ್ಟಿ ಬಿಗಿದಾಗ. ಅಷ್ಟರವರೆಗೆ ಗಲಗಲ ಅನ್ನುತ್ತಿದ್ದ ಚೌಕ ಸಟಕ್ಕನೆ ಕಲ್ಲಿನಂತೆ ನಿಂತುಬಿಟ್ಟಿತು. ಗ್ರಾಂ ಲೆಕ್ಕದಲ್ಲಿ ಹೇಳಬೇಕು ಅಂದರೆ ಆ ಎರಡು ತಂತಿಯನ್ನು ನನ್ನ ತಕ್ಕಡಿ ತೂಗುವುದೇ ಇಲ್ಲ.

ಸ್ಯಾಂಟೋಸ್-ಡುಮಾಂಟ್‌ಗೆ ತಂತಿಯ ಹುಚ್ಚು ವಾಯುನೌಕೆಯ ಕಾಲದಿಂದಲೇ ಇತ್ತು. ಬುಟ್ಟಿಯನ್ನು ತೂಗುಹಾಕಲು ಎಲ್ಲರೂ ಹಗ್ಗ ಬಳಸುತ್ತಿದ್ದಾಗ ಆತ ಪಿಯಾನೋ ತಂತಿ ಹಾಕಿದ, ದಪ್ಪ ಹಗ್ಗಕ್ಕೆ ಗಾಳಿ ತಡೆಯುವುದು ಜಾಸ್ತಿ ಅಂತ. ನಾನು ಪಿಯಾನೋ ತಂತಿ ಎಲ್ಲಿಂದ ತರಲಿ? ವಾದ್ಯದ ಅಂಗಡಿಯಲ್ಲಿ ವೀಣೆಯ ಸಾರಣಿ ತಂತಿ ಕೊಂಡೆ. ಅದೇ ಜಾತಿಯ ಗಟ್ಟಿ ಸ್ಟೀಲ್, ಎಳೆದಷ್ಟೂ ತಡೆಯುತ್ತದೆ. ಅಂಗಡಿಯವರು "ಮಗಳು ಕಲೀತಿದ್ದಾಳಾ?" ಅಂದರು. ಹೌದು ಅನ್ನುವುದು ಸುಲಭ ಇತ್ತು, ಅಂದೆ.

ಬಿಗಿಯುವುದಕ್ಕೆ ಒಂದು ಕ್ರಮ ಇದೆ. ಒಂದು ತಂತಿ ಪೂರ್ತಿ ಬಿಗಿದರೆ ಎದುರಿನದು ಸಡಿಲ ಆಗುತ್ತದೆ, ಅದನ್ನು ಬಿಗಿದರೆ ಪಕ್ಕದ ಚೌಕ ಸೊಟ್ಟ ಆಗುತ್ತದೆ. ಜೋಡಿ ಜೋಡಿಯಾಗಿ, ಸ್ವಲ್ಪ ಸ್ವಲ್ಪ, ಮೂತಿಯಿಂದ ಬಾಲಕ್ಕೆ ಹೋಗಿ ಮತ್ತೆ ಮೂತಿಗೆ ಬರಬೇಕು. ಬಿಗಿಯಲು ಸಣ್ಣ ತಿರುಪು ಬೇಕಲ್ಲ, ಅದಕ್ಕೆ ಕಿವಿಯೋಲೆಯ ಹಿಂದೆ ಹಾಕುವ ತಿರುಪು ನನಗೆ ಸರಿ ಹೋಯಿತು. ಬಿಗಿ ಸಮ ಇದೆಯಾ ಅಂತ ನೋಡಲು ಬೆರಳಲ್ಲಿ ಮೀಟುತ್ತೇನೆ. ಎಡ ಬಲ ಒಂದೇ ಉದ್ದ, ಒಂದೇ ದಪ್ಪದ ತಂತಿ, ಹಾಗಾಗಿ ಒಂದೇ ಸ್ವರ ಬರಬೇಕು. ಬಲದ್ದು ಒಂದು ಎಳೆ ಕೆಳಗಿದ್ದರೆ ತಿರುಪು ಅರ್ಧ ಸುತ್ತು. ಅಂಗಡಿಯವರಿಗೆ ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ ಬಿಡಿ.

ತಂತಿ ಕೈಕೊಟ್ಟರೆ ಏನಾಗುತ್ತದೆ ಅನ್ನೋದು ಸ್ಯಾಂಟೋಸ್-ಡುಮಾಂಟ್‌ಗೇ ಗೊತ್ತಾಯಿತು. 1910ರ ಜನವರಿಯಲ್ಲಿ ಡೆಮ್ವಾಜೆಲ್‌ನಲ್ಲಿ ಹಾರುವಾಗ ಬಿಗಿತಂತಿಯೊಂದು ತುಂಡಾಯಿತು, ರೆಕ್ಕೆ ಮಡಚಿಕೊಂಡಿತು, ವಿಮಾನ ನೆಲಕ್ಕೆ ಬಿತ್ತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಆರೋಗ್ಯವೂ ಕೆಡುತ್ತಾ ಬಂದು ಅದೇ ವರ್ಷ ಹಾರಾಟವನ್ನೇ ಬಿಟ್ಟ. ಆಗ ಆತನಿಗೆ ನಲವತ್ತೂ ಆಗಿರಲಿಲ್ಲ. ಈ ತಂತಿಗಳನ್ನು ಬಿಗಿಯುವಾಗ ಅದು ನೆನಪಾಗದೆ ಇರುವುದಿಲ್ಲ.

ರೇಷ್ಮೆ ಹೊದಿಸುವುದು ನಾಜೂಕಿನ ಕೆಲಸ, ಮಲೆನಾಡಲ್ಲಂತೂ ಹವೆ ನೋಡಿಕೊಂಡು ಮಾಡಬೇಕು. ಬಟ್ಟೆಗೆ ಬಣ್ಣ ಬಿಡಿಸುವವರು ಬಳಸುವ ತೆಳು ಬಿಳಿ ರೇಷ್ಮೆ ತಂದು, ಒದ್ದೆ ಮಾಡಿಯೇ ಅಂಟಿಸಿದೆ, ಒಣಗಿದಾಗ ತಾನೇ ಬಿಗಿಯುತ್ತದೆ. ಆದರೆ ಜುಲೈ ಬಂದರೆ ಮತ್ತೆ ಜೋತು ಬೀಳುತ್ತದೆ. ಅದಕ್ಕೆ ಮೇಲೊಂದು ಲೇಪ ಬೇಕು. ಬಡಗಿಗಳು ಪೀಠೋಪಕರಣಕ್ಕೆ ಹೊಡೆಯುವ ಎನ್‌ಸಿ ಕ್ಲಿಯರ್ ಲ್ಯಾಕರ್ ಇದೆಯಲ್ಲ, ಹಳೇ ಕಾಲದ ವಿಮಾನದ ಬಟ್ಟೆಗೆ ಬಳಿಯುತ್ತಿದ್ದ ಡೋಪ್‌ಗಳಲ್ಲೂ ಆ ನೈಟ್ರೋಸೆಲ್ಯುಲೋಸ್ ಇರುತ್ತಿತ್ತು. ತಿನ್ನರ್ ಜಾಸ್ತಿ ಹಾಕಿ ನೀರಿನ ಹಾಗೆ ಮಾಡಿ ಬಳಿಯಬೇಕು, ಕಿಟಕಿ ತೆಗೆದಿರಬೇಕು, ಹತ್ತಿರ ಬೆಂಕಿ ಇರಬಾರದು. ಮಳೆ ದಿನ ಬಳಿದರೆ ಬಿಳಿ ಮಸುಕು ಬರುತ್ತದೆ, ಆದ್ದರಿಂದ ಬಿಸಿಲಿನ ದಿನ ಕಾಯುವುದೇ ದಾರಿ. ರೆಕ್ಕೆಯ ಮೇಲೆ ಕೆಳಗೆ ಎರಡೂ ಕಡೆ ಒಟ್ಟೊಟ್ಟಿಗೆ ಬಳಿಯುತ್ತಾ ಹೋಗಬೇಕು, ಇಲ್ಲದಿದ್ದರೆ ಒಂದೇ ಕಡೆ ಎಳೆದು ತೆಳು ರಿಬ್‌ಗಳನ್ನು ಬಗ್ಗಿಸಿಬಿಡುತ್ತದೆ. ದೀಪದ ಎದುರು ಹಿಡಿದರೆ ಒಳಗಿನ ಬಿದಿರಿನ ಪಟ್ಟಿಗಳೆಲ್ಲ ನೆರಳಾಗಿ ಕಾಣುತ್ತವೆ. ಹಳೇ ಫೋಟೋಗಳಲ್ಲಿ ಕಾಣುವುದೂ ಹಾಗೇ.

ಚಕ್ರಕ್ಕೆ ಬೆತ್ತ ಬಗ್ಗಿಸಿದೆ, ಅದರಲ್ಲೂ ಮಿಕ್ಕ ವೀಣೆ ತಂತಿಯೇ ಕಡ್ಡಿ. ಎಂಜಿನ್ ಎರಡು ಸಿಲಿಂಡರ್‌ನದ್ದು, ಎದುರು ಬದುರು ಮಲಗಿರುವಂಥದ್ದು, ಮರದಲ್ಲಿ ಕಡೆದು ತಾಮ್ರದ ಹಾಳೆ ಸುತ್ತಿದ್ದೇನೆ. ಅದನ್ನು ತಂಪು ಮಾಡುವ ನೀರು ಹರಿಯುವುದು ರೆಕ್ಕೆಯ ಕೆಳಗೆ ಸಾಲಾಗಿ ಹಾಕಿದ ಸಣ್ಣ ಕೊಳವೆಗಳಲ್ಲಿ, ಅದಕ್ಕೆ ಮೋಟರ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿ ಸಾಕಾಯಿತು.

ನೋಡಲು ಬಂದವರಿಗೆ ನಾನು ತಪ್ಪದೆ ತೋರಿಸುವುದು ಸೀಟಿನ ಹಿಂದಿನ ಒಂದು ಸಣ್ಣ ಕೋಲು. ಅಸಲಿಯಲ್ಲಿ ಅದು ಓಡಿಸುವವನ ಕೋಟಿನ ಬೆನ್ನಿಗೆ ಹೊಲಿದ ಜೇಬಿನೊಳಗೆ ಸೇರಿಕೊಳ್ಳುತ್ತಿತ್ತು. ವಿಮಾನ ಬಲಕ್ಕೆ ವಾಲಿದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ಎಡಕ್ಕೆ ವಾಲುತ್ತಾನೆ ಅಲ್ವಾ, ಆ ವಾಲಿದ್ದೇ ಕೋಲು ಎಳೆದು, ಕೋಲು ತಂತಿ ಎಳೆದು, ರೆಕ್ಕೆಯ ತುದಿ ತಿರುಚಿ ವಿಮಾನ ಸಮಕ್ಕೆ ಬರುತ್ತಿತ್ತು. ಬಾಲಕ್ಕೆ ಕೈ, ರೆಕ್ಕೆಗೆ ಬೆನ್ನು. ಒಳ್ಳೇ ಯೋಚನೆ, ಆದರೆ ಸೀನು ಬಂದರೆ ಏನು ಗತಿ ಅಂತ ನನ್ನ ತಮ್ಮ ಕೇಳಿದ, ಉತ್ತರ ಇನ್ನೂ ಹೊಳೆದಿಲ್ಲ. ಡುಮಾಂಟ್ ಕುಳ್ಳ, 50 ಕಿಲೋ ಆಸುಪಾಸಿನ ಸಣಕಲ. ಆತನ ಮೈಕಟ್ಟಿಗೆ ಹೊಲಿದ ಅಂಗಿಯಂಥ ವಿಮಾನ ಇದು, ನನ್ನಂಥವನು ಕೂತರೆ ಏಳುತ್ತಿತ್ತೋ ಇಲ್ಲವೋ.

ಮೋಟರ್ ಹಾಕಿ ರಿಮೋಟಿನಲ್ಲಿ ಹಾರಿಸಿ ಅಂತ ಒತ್ತಾಯ ಮಾಡುವವರಿದ್ದಾರೆ. ತೂಕದ ಲೆಕ್ಕ ನೋಡಿದರೆ ಹಾರಬೇಕು, 880 ಗ್ರಾಂಗೆ ಸುಮಾರು 0.4 ಚದರ ಮೀಟರ್ ರೆಕ್ಕೆ ಅಂದರೆ ಧಾರಾಳ. ನನಗೆ ಮನಸ್ಸಿಲ್ಲ. ಬ್ಯಾಟರಿ, ಬಾಲ ರೆಕ್ಕೆ ತಿರುಗಿಸುವ ಸಣ್ಣ ಸರ್ವೋ ಮೋಟರ್ ಇಡಲು ಜಾಗ ಮಾಡಬೇಕು, ಮೂರು ಗಳ ಬಿಟ್ಟರೆ ಏನೂ ಇಲ್ಲದ ಮೈಯಲ್ಲಿ ಅದನ್ನು ಮುಚ್ಚಿಡುವುದು ಎಲ್ಲಿ?

ಈಗ ಬಾಕಿ ಇರುವುದು ಬಾಲದ ಕೀಲು. ಡೆಮ್ವಾಜೆಲ್‌ನಲ್ಲಿ ಬಾಲದ ನಿಂತ ರೆಕ್ಕೆ, ಮಲಗಿದ ರೆಕ್ಕೆ ಎರಡೂ ಒಂದೇ ತುಂಡು, ಎಲ್ಲಾ ಕಡೆ ತಿರುಗುವ ಒಂದೇ ಕೀಲಿನ ಮೇಲೆ ಕೂತಿರುತ್ತದೆ. ಹಿತ್ತಾಳೆಯಲ್ಲಿ ಅಷ್ಟು ಸಣ್ಣದು ಮಾಡಿಕೊಡುವ ಅಕ್ಕಸಾಲಿಗರೊಬ್ಬರು ಒಪ್ಪಿದ್ದಾರೆ, ಮದುವೆ ಸೀಸನ್ ಮುಗಿಯಲಿ ಅಂದಿದ್ದಾರೆ. ನಿಮಗೂ ಶುರು ಮಾಡುವ ಮನಸ್ಸಿದ್ದರೆ ನಕ್ಷೆಯ ಮೊದಲ ಪುಟಕ್ಕೆ ಗಂಟು ಬೀಳಬೇಡಿ, ಅದರಲ್ಲಿ ಎಲ್ಲ ಅಡಿ, ಇಂಚಿನ ಲೆಕ್ಕ, ತಲೆ ಕೆಡುತ್ತದೆ. ಮೊದಲು ಒಂದೇ ಒಂದು ಚೌಕ ಕಟ್ಟಿ, ನಾಲ್ಕು ಕಡ್ಡಿ, ಎರಡು ತಂತಿ. ಬಿದಿರು ಬೇಕಾದರೆ ನವೆಂಬರ್ ಕಳೆದ ಮೇಲೆ ಹೇಳಿ, ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದೆ.